ಮೀನಿನ ಬಾಯಿ ಮತ್ತು ಗಾಳದ ಆಯ್ಕೆ

ಗಾಳ ಹಾಕಲು ಹೊಸದಾಗಿ ಕಲಿಯುವವರು ಮೊದಲು ಅಂಗಡಿಯ ಸಾಮಾನುಗಳನ್ನು ನೋಡುತ್ತಾರೆ. ನಿಜವಾಗಿ ನೋಡಬೇಕಾದುದು ಮೀನಿನ ಬಾಯನ್ನು.

ನಮ್ಮ ಕೆರೆಗಳಲ್ಲಿ ಸಾಕುವ ಮೂರು ಗೆಂಡೆಗಳನ್ನೇ ಪರಿಶೀಲಿಸೋಣ. ಕಾಟ್ಲಾದ ಬಾಯಿ ಮೇಲ್ಮುಖವಾದುದು. ಅದು ನೀರಿನ ಮೇಲ್ಪದರದಲ್ಲಿ ಮೇಯುತ್ತದೆ. ರೋಹು ನಡುನೀರಿನದು. ಮೃಗಾಲಿನ ಬಾಯಿ ಕೆಳಮುಖ. ಅದು ತಳದಲ್ಲಿ ಆಹಾರವನ್ನರಸುತ್ತದೆ. ಆದುದರಿಂದ ಕಾಟ್ಲಾಕ್ಕಾಗಿ ಬೆಂಡನ್ನು ಗಾಳದ ಸಮೀಪದಲ್ಲಿ ಕಟ್ಟಬೇಕು. ರೋಹುವಿಗಾಗಿ ದೂರಕ್ಕೆ ಸರಿಸಬೇಕು. ಮೃಗಾಲಿಗಾಗಿ ಸೀಸದ ಗುಂಡಿನಿಂದ ಎರೆಯನ್ನು ತಳ ಮುಟ್ಟಿಸಬೇಕು.

ಬೆಂಡು ದಪ್ಪವಾದಷ್ಟೂ ಅದನ್ನು ಮುಳುಗಿಸಲು ಹೆಚ್ಚು ಬಲ ಬೇಕೆಂಬುದು ಆರ್ಕಿಮಿಡೀಸನ ತತ್ತ್ವದಿಂದಲೇ ತಿಳಿಯುತ್ತದೆ. ಸಣ್ಣ ಮೀನು ಕಚ್ಚಿದರೆ ದಪ್ಪ ಬೆಂಡು ಅಲುಗದು. ಅಂಗೈಯುದ್ದದ ಮೀನುಗಳಿಗೆ ತೆಳುವಾದ ಬೆಂಡು, ಬಿದಿರಿನ ಕೋಲು, 12ನೆಯ ಸಂಖ್ಯೆಯ ಗಾಳ ಸಾಕು. ಇಂತಹ ಗಾಳಗಳಲ್ಲಿ ಸಂಖ್ಯೆ ಹೆಚ್ಚಿದಂತೆ ಗಾತ್ರ ಕಿರಿದಾಗುವುದೆಂಬುದನ್ನು ಮರೆಯಬಾರದು. ಕೊರವ ಮೀನಾದರೋ ಹಲ್ಲುಳ್ಳ ಬೇಟೆಗಾರ. ಜೊಂಡಿನ ನಡುವೆ ಅಡಗಿರುವಂಥದು. ಅದನ್ನು ಜೊಂಡಿನಿಂದ ಸೆಳೆಯಲು ಬಿರುಸಾದ ಕೋಲು, ದಪ್ಪನೆಯ ದಾರ ಬೇಕು. ಬಯಲು ನೀರಿನಲ್ಲಿ ಬಳುಕುವ ಕೋಲೇ ಮೇಲು. ಅದು ಸ್ಪ್ರಿಂಗಿನಂತೆ ಬಾಗಿ, ಮೀನಿನ ಜಗ್ಗಾಟವನ್ನು ತಾನೇ ಹೀರಿ, ದಾರ ಹರಿಯದಂತೆ ಕಾಯುತ್ತದೆ.

ಒಂದು ಮೀನಿಗೆ ಮಾತ್ರ ಯಾವ ಸಲಕರಣೆಯನ್ನೂ ನಾವು ಸೂಚಿಸೆವು. 1946ರಲ್ಲಿ ಕಾವೇರಿ ಕೊಳ್ಳದಲ್ಲಿ 120 ಪೌಂಡು ತೂಕದ ಮಹಶೀರ್ ಒಂದು ಗಾಳಕ್ಕೆ ಸಿಕ್ಕಿತ್ತು. ಅಲ್ಲಿಯ ಗೂನುಬೆನ್ನಿನ ಮಹಶೀರನ್ನು 2018ರಲ್ಲಿ ಅಳಿವಿನ ಅಂಚಿನ ಜೀವಿಗಳ ಕೆಂಪುಪಟ್ಟಿಗೆ ಸೇರಿಸಲಾಯಿತು. ಅಕಸ್ಮಾತ್ತಾಗಿ ಅದು ಸಿಕ್ಕರೆ ಜೀವಸಹಿತ ನೀರಿಗೆ ಬಿಡಬೇಕು. ಗಾಳದ ಹಿಮ್ಮುಳ್ಳನ್ನು ಮೊದಲೇ ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿದ್ದರೆ ಬಿಡಿಸುವುದು ಸುಲಭ, ಗಾಯವೂ ಕಡಿಮೆ. ಹಿಡಿಯುವುದರೊಡನೆ ಬಿಡುವುದಕ್ಕೂ ತಕ್ಕ ಗಾಳವೇ ಸರಿಯಾದ ಗಾಳ.