ಅಜ್ಜಿಯ ಜೊತೆ ಬೆರಕೆ ಸೊಪ್ಪಿಗೆ

ಮುಂಗಾರಿನಲ್ಲಿ ನಾಲ್ಕು ಹದ ಮಳೆ ಬಿದ್ದರೆ ಸಾಕು, ಮದ್ದೂರು ಸೀಮೆಯ ಹೊಲದ ಬದುಗಳಲ್ಲಿ ಯಾರೂ ಬಿತ್ತದ ಬೆಳೆಯೊಂದು ಎದ್ದು ನಿಲ್ಲುತ್ತದೆ. ಅಣ್ಣೆ, ಗಣಿಕೆ, ಹೊನಗೊನ್ನೆ, ಕನ್ನೆ, ಕಿರಕೀಲೆ, ಒಂದೆಲಗ. ಎಲ್ಲ ಕೂಡಿದರೆ ಬೆರಕೆ ಸೊಪ್ಪು. ಆ ರಾತ್ರಿಯ ಮಸ್ಸೊಪ್ಪಿಗೆ, ಉಪ್ಸಾರಿಗೆ ಅದೇ ಆಧಾರ. ಮಡಿಲು ಕಟ್ಟಿಕೊಂಡು ಹೊರಟ ಅಜ್ಜಿಯ ಹಿಂದೆ ನಾಲ್ಕೈದು ವರ್ಷದ ಮೊಮ್ಮಗನೋ ಮೊಮ್ಮಗಳೋ ಹೆಜ್ಜೆ ಹಾಕುವುದು ಈ ಕಡೆಯ ಹಳ್ಳಿಗಳಲ್ಲಿ ಇವತ್ತಿಗೂ ಇದೆ, ಮೊದಲಿನಷ್ಟಿಲ್ಲ.

ಅಲ್ಲಿ ಪಾಠವೆಂದು ಯಾರೂ ಏನನ್ನೂ ಹೇಳಿಕೊಡುವುದಿಲ್ಲ. ಮಗು ಕೈಗೆ ಸಿಕ್ಕಿದ್ದನ್ನೆಲ್ಲ ಕಿತ್ತು ತರುತ್ತದೆ. ಅಜ್ಜಿ ಅದರಲ್ಲಿ ಬೇಕಾದ್ದನ್ನು ಮಡಿಲಿಗೆ ಹಾಕಿಕೊಂಡು ಬೇಡವಾದ್ದನ್ನು ಬದುವಿಗೆ ಎಸೆಯುತ್ತಾಳೆ. ಎಸೆದದ್ದು ಯಾವುದು, ಉಳಿದದ್ದು ಯಾವುದು ಎಂಬುದನ್ನು ಮಗುವಿನ ಕಣ್ಣು ತಾನಾಗಿಯೇ ಹಿಡಿಯುತ್ತದೆ. ಕನ್ನೆಗೆ ನೀಲಿ ಹೂ. ಹೊನಗೊನ್ನೆಗೆ ಎಲೆಯ ಕಂಕುಳಲ್ಲಿ ಬಿಳಿ ಚುಕ್ಕಿಯಂಥ ಹೂ, ತೇವ ಇರುವ ಕಡೆಯೇ ಅದರ ವಾಸ. ಅಣ್ಣೆಯನ್ನು ತೆನೆಯಂಥ ಹೂ ಬಿಡುವ ಮೊದಲೇ, ಎಳೆಯದಿರುವಾಗಲೇ ಕೊಯ್ಯಬೇಕು. ಗಣಿಕೆಯ ಕಪ್ಪು ಹಣ್ಣು ಬಾಯಿಗೆ ಹಾಕಿಕೊಳ್ಳಬಹುದು, ಹಸಿರು ಕಾಯಿ ಮುಟ್ಟಕೂಡದು. ನಡುವೆ ಒಂದೇ ಒಂದು ಗದರಿಕೆ: “ಬುಡ ಕೀಳ್ಬ್ಯಾಡ ಕಣ್ಲಾ, ಕುಡಿ ಮಾತ್ರ ಚಿವುಟ್ಕೊ.” ಕುಡಿ ಚಿವುಟಿದರೆ ಗಿಡ ಮತ್ತೆ ಚಿಗುರುತ್ತದೆ. ಮುಂದಿನ ವಾರ ಅದೇ ಜಾಗಕ್ಕೆ ಬಂದಾಗ ಮಗುವಿಗೇ ಅದು ಗೊತ್ತಾಗುತ್ತದೆ.

ಈ ಕಲಿಕೆಯ ಬೀಜ ಮಗುವಿನಲ್ಲಿ ಮೊದಲೇ ಇರುತ್ತದೆ. ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೆಲ್ ಟೊಮಾಸೆಲ್ಲೊ ಎಂಬ ಮನೋವಿಜ್ಞಾನಿಗಳು 2006ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಪ್ರಯೋಗದ ವಿವರ ಪ್ರಕಟಿಸಿದರು. ಬಟ್ಟೆ ಒಣಹಾಕುತ್ತಿದ್ದ ದೊಡ್ಡವರ ಕೈಯಿಂದ ಕ್ಲಿಪ್ಪು ಬಿದ್ದು ಅದು ಎಟುಕದೆ ಹೋದಾಗ, ಬರೀ 18 ತಿಂಗಳ ಕೂಸುಗಳು ಯಾರೂ ಕೇಳದೆ, ಯಾವ ಬಹುಮಾನವೂ ಇಲ್ಲದೆ ಅದನ್ನು ಎತ್ತಿಕೊಟ್ಟವು. ಗ್ವಾಟೆಮಾಲಾದ ಮಾಯಾ ಕುಟುಂಬಗಳ ನಡುವೆ ದಶಕಗಳ ಕಾಲ ಅಧ್ಯಯನ ಮಾಡಿದ ಬಾರ್ಬರಾ ರೋಗಾಫ್ ಕಂಡದ್ದೂ ಇಂಥದ್ದೇ: ದೊಡ್ಡವರ ಕೆಲಸದ ನಡುವೆಯೇ ಮಕ್ಕಳಿಗೆ ಜಾಗವಿದ್ದರೆ, ಅವು ನೋಡುತ್ತ, ಕೈ ಹಾಕುತ್ತ ಕಲಿಯುತ್ತವೆ.

ನಮ್ಮ ಮನೆಗಳಲ್ಲಿ ಆಗುವುದು ಇದಕ್ಕೆ ತಿರುಗುಮುರುಗು. ಎರಡು ವರ್ಷದ ಮಗು ಪೊರಕೆ ಹಿಡಿದರೆ ಕಸಿದುಕೊಳ್ಳುತ್ತೇವೆ, ಚಪಾತಿ ಲಟ್ಟಿಸಲು ಬಂದರೆ ಮೊಬೈಲ್ ಕೊಟ್ಟು ಕೂರಿಸುತ್ತೇವೆ. ಅದೇ ಮಗುವಿಗೆ ಹನ್ನೆರಡಾದಾಗ ‘ಒಂದು ಲೋಟ ಎತ್ತಿಡಲ್ಲ’ ಎಂದು ದೂರುತ್ತೇವೆ. ಬೇಕೆಂದು ಬಂದ ಕೈಯನ್ನು ಹತ್ತು ವರ್ಷ ದೂರ ತಳ್ಳಿದವರು ನಾವೇ ಅಲ್ಲವೇ?

ಮಂಡ್ಯದ ಅಡುಗೆಮನೆಯಲ್ಲಿ ಕೈ ಹಾಕಲು ಎಷ್ಟೊಂದಿದೆ! ಎಸರು, ಹಿಟ್ಟು, ಮುದ್ದೆಕೋಲು ದೊಡ್ಡವರ ಪಾಲು. ಬಿಸಿಯ ಹತ್ತಿರ ಮಗುವನ್ನು ಬಿಡುವ ಹಾಗಿಲ್ಲ. ತೊಳಸಿದ ಮುದ್ದೆ ಸ್ವಲ್ಪ ಆರಿದ ಮೇಲೆ ನಿಂಬೆಹಣ್ಣಿನ ಗಾತ್ರದ್ದೊಂದನ್ನು ತಟ್ಟೆಗಿಟ್ಟು, ಕೈ ತಣ್ಣೀರಿಗೆ ಅದ್ದಿಸಿ ಉರುಳಿಸಲು ಬಿಟ್ಟರೆ ಅದು ಮಗುವಿನ ಸ್ವಂತ ಮುದ್ದೆ. ಸೊಟ್ಟಗಿದ್ದರೂ ಊಟಕ್ಕೆ ಅದೇ ಇರಲಿ, ತಿದ್ದಿ ದುಂಡಗೆ ಮಾಡಿಕೊಡಬೇಡಿ. ಮದ್ದೂರು ವಡೆಯ ಹಿಟ್ಟು ಕಲಸಿದ ದಿನವೂ ಹಾಗೆಯೇ. ರವೆ, ಮೈದಾ, ಅಕ್ಕಿ ಹಿಟ್ಟು, ಈರುಳ್ಳಿ ಬೆರೆತ ಉಂಡೆಯನ್ನು ಎಣ್ಣೆ ಸವರಿದ ಎಲೆಯ ಮೇಲೆ ತಟ್ಟುವುದು ಐದು ವರ್ಷದವರಿಗೆ ಎಟುಕುವ ಕೆಲಸ. ಬಾಣಲೆ ಮಾತ್ರ ದೂರ.

ಆಲೆಮನೆಯ ವಿಷಯಕ್ಕೆ ಬಂದರೆ ಹುಷಾರಾಗಿರಬೇಕು. ವಿಶ್ವೇಶ್ವರಯ್ಯ ನಾಲೆಯ ನೀರು ಬಂದ ಮೇಲೆ ಕಬ್ಬು ಈ ಜಿಲ್ಲೆಯ ಮುಖ್ಯ ಬೆಳೆಯಾಯಿತು, ಬೆಲ್ಲ ಜಿಲ್ಲೆಯ ಹೆಸರಾಯಿತು. ಕುದಿಯುವ ಕಬ್ಬಿನ ಹಾಲಿಗೆ ಬೆಂಡೆ ಗಿಡದ ಲೋಳೆ ಹಾಕಿದಾಗ ಮಡ್ಡಿ ಮೇಲೇಳುವುದು, ಪಾಕದ ಹದ ನೋಡಲು ನೀರಿನ ಬಟ್ಟಲಿಗೆ ತೊಟ್ಟಿಕ್ಕಿಸಿ ಬೆರಳಲ್ಲಿ ಉಂಡೆ ಕಟ್ಟುವುದು, ಇವೆಲ್ಲ ಯಾವ ಪ್ರಯೋಗಾಲಯಕ್ಕೂ ಕಡಿಮೆಯಲ್ಲ. ಆದರೆ ಗಾಣ ಕೈ ನುಂಗುತ್ತದೆ, ಕೊಪ್ಪರಿಗೆ ಸುಡುತ್ತದೆ. ದೂರ ನಿಂತು ನೋಡುವುದು, ಆರಿದ ಉಂಡೆಯನ್ನು ಮುಟ್ಟಿ ಹದ ಹೇಳುವುದು, ಅಷ್ಟೇ ಮಗುವಿನ ಪಾಲು. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿ 14 ವರ್ಷದೊಳಗಿನವರನ್ನು ಕೆಲಸಕ್ಕಿಟ್ಟುಕೊಳ್ಳುವುದನ್ನು ನಿಷೇಧಿಸಿ, ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ ಮನೆಯವರ ಅಪಾಯವಿಲ್ಲದ ಕಸುಬಿಗೆ ನೆರವಾಗಲು ಅವಕಾಶ ಉಳಿಸಿತು. ಕಲಿಸುವ ನೆಪದಲ್ಲಿ ದುಡಿಸಿಕೊಳ್ಳುವವರೂ ಇರುವುದರಿಂದ ಈ ಗೆರೆ ಬೇಕೇ ಬೇಕು.

ಹಾಡಿನ ಕಲಿಕೆಗೂ ಇಲ್ಲಿ ಹಳೆಯ ದಾರಿಯೊಂದಿದೆ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರ ಜನಪದ ಸಂತ ಮಂಟೇಸ್ವಾಮಿಯ ಪರಂಪರೆಯ ದೊಡ್ಡ ನೆಲೆ. ತಂಬೂರಿ, ಗಗ್ಗರ, ಡಕ್ಕೆ, ತಾಳ ಹಿಡಿದು ರಾತ್ರಿಯಿಡೀ ಮಂಟೇಸ್ವಾಮಿ ಕಾವ್ಯ ಹಾಡುವ ನೀಲಗಾರರು ಅದನ್ನು ಕಲಿತದ್ದು ಪುಸ್ತಕದಿಂದಲ್ಲ, ಹಿರಿಯರ ಹಿಂದೆ ಕೂತು ಸೊಲ್ಲು ಸೇರಿಸುತ್ತ. ಕಥೆಯೂ ಈ ನೆಲದ್ದೇ. ಮುಂದೆ ಮಂಟೇಸ್ವಾಮಿಯ ಶಿಷ್ಯ ಸಿದ್ದಪ್ಪಾಜಿಯಾಗುವ ಹುಡುಗ ಕೆಂಪಾಚಾರಿ ನಿಡುಘಟ್ಟದ ಕಮ್ಮಾರರ ಮನೆಯವನು. ಅವನು ಕಬ್ಬುಣದ ಭಿಕ್ಷೆಗೆ ಹೋದದ್ದು ಹಲಗೂರಿನ ಪಾಂಚಾಳರ ಬಳಿಗೆ. ಮೊದಲನೆಯದು ಮದ್ದೂರು ತಾಲ್ಲೂಕಿನ ಊರು, ಎರಡನೆಯದು ಮಳವಳ್ಳಿ ತಾಲ್ಲೂಕಿನದು. ಬಸ್ಸಿನ ಕಿಟಕಿಯಿಂದ ಕಾಣುವ ಊರೇ ಕಥೆಯೊಳಗೂ ಬಂದರೆ ಮಗು ಕಿವಿ ನಿಮಿರಿಸದೆ ಇರುತ್ತದೆಯೇ? ಹರಕೆ ಹೊತ್ತು ಮಗನನ್ನು ನೀಲಗಾರನಾಗಿ ಬಿಡುವ ಪದ್ಧತಿಯ ಮಾತು ಬೇರೆ. ಯಾವ ದಾರಿ ಹಿಡಿಯಬೇಕೆಂಬುದು ಬೆಳೆದ ಮೇಲೆ ಮಗುವಿನದೇ ತೀರ್ಮಾನವಾಗಬೇಕು. ಸೊಲ್ಲು ಸೇರಿಸಿ ಕಲಿಯುವ ಕ್ರಮವನ್ನಂತೂ ಯಾವ ಮನೆಯಾದರೂ ಎರವಲು ಪಡೆಯಬಹುದು.

ಮನೆಯಲ್ಲಿ ಹತ್ತಿದ ಆಸಕ್ತಿ ಎಷ್ಟು ದೂರ ಹೋದೀತು ಎನ್ನುವುದಕ್ಕೆ ಮಳವಳ್ಳಿ ತಾಲ್ಲೂಕಿನದೇ ಕಿರುಗಾವಲಿನ ಸೈಯದ್ ಘನಿ ಖಾನ್ ಇದ್ದಾರೆ. ಟಿಪ್ಪು ಕಾಲದ್ದೆಂದು ಕುಟುಂಬದವರು ಹೇಳುವ ‘ಬಡಾ ಬಾಗ್’ ಮಾವಿನ ತೋಪಿನ ವಾರಸುದಾರರು ಅವರು. ಅಲ್ಲಿ 100ಕ್ಕೂ ಹೆಚ್ಚು ಬಗೆಯ ಮಾವಿದೆ. ತಂದೆಯ ಕಾಯಿಲೆಯಿಂದಾಗಿ ಎಳೆಯ ವಯಸ್ಸಿನಲ್ಲೇ ಬೇಸಾಯಕ್ಕೆ ಮರಳಿದ ಅವರು ಮುಂದೆ ಸಾವಿರದಷ್ಟು ಭತ್ತದ ತಳಿಗಳನ್ನು ಕೂಡಿಸಿ ಕಾಪಾಡಿದರು. ಅವರ ಭತ್ತದ ಸಂಗ್ರಹಾಲಯ ನೋಡಲು ಶಾಲೆಯ ಮಕ್ಕಳೂ ಹೋಗುತ್ತಾರೆ. ಅಕ್ಕಿ ಎಂದರೆ ಬರೀ ಬಿಳಿ ಎಂದುಕೊಂಡ ಮಗುವಿಗೆ ಕಪ್ಪು, ಕೆಂಪು ಅಕ್ಕಿಯನ್ನು ಕೈಯಲ್ಲೇ ಹಿಡಿದು ನೋಡುವ ಅವಕಾಶ ಅಲ್ಲಿದೆ.

ಬೆರಕೆ ಸೊಪ್ಪಿಗೆ ಮಾತ್ರ ಈಗ ಕಷ್ಟಕಾಲ. ಕಳೆನಾಶಕ ಹೊಡೆದ ಗದ್ದೆಯಲ್ಲಿ ಅದು ಏಳುವುದಿಲ್ಲ, ಎದ್ದರೂ ತಿನ್ನುವಂತಿಲ್ಲ. ಆದ್ದರಿಂದ ಈಗಿನ ಮಕ್ಕಳು ಇನ್ನೊಂದನ್ನೂ ಕಲಿಯಬೇಕಾಗಿದೆ: ಯಾವ ಬದುವಿಗೆ ಔಷಧಿ ಬಿದ್ದಿದೆ ಎಂದು ಮೊದಲು ಕೇಳಿಕೊಳ್ಳುವುದು. ಮಂಡ್ಯ ಪಟ್ಟಣದ ಮನೆಗಳಿಗೆ ಬದುವೇ ಇಲ್ಲ ನಿಜ, ಬಿಸಿಲು ಬೀಳುವ ಮೂಲೆಯಲ್ಲೊಂದು ಹಳೆ ಬಕೆಟ್ಟಿದ್ದರೂ ನಡೆಯುತ್ತದೆ. ರಾತ್ರಿ ನೆನೆಸಿದ ಒಂದು ಹಿಡಿ ಮೆಂತ್ಯೆಯನ್ನು ಮಗುವಿನ ಕೈಯಲ್ಲೇ ಮಣ್ಣಿಗೆ ಉದುರಿಸಿ, ನೀರಿನ ಚೊಂಬನ್ನು ಅದಕ್ಕೇ ವಹಿಸಿಬಿಡಬೇಕು. ಐದಾರು ದಿನದೊಳಗೆ ಮೊಳಕೆ ಕಾಣಿಸಿಕೊಳ್ಳುತ್ತದೆ, ಪುಟ್ಟ ಮಗುವಿನ ತಾಳ್ಮೆಗೆ ಹೇಳಿ ಮಾಡಿಸಿದಷ್ಟು ಬೇಗ. ತಿಂಗಳೊಳಗೆ ಸೊಪ್ಪು ಸಾರಿಗೆ ಬರುತ್ತದೆ. ಒಂದು ದಿನ ನೀರು ಹಾಕುವುದು ಮರೆತು ಗಿಡ ಬಾಡಿದರೆ ದೊಡ್ಡವರು ಗುಟ್ಟಾಗಿ ನೀರು ಹಾಕಿ ಬದುಕಿಸಬಾರದು. ಬಾಡಿದ್ದನ್ನು ಮಗುವಿಗೇ ತೋರಿಸಿ, ಚೊಂಬು ಮತ್ತೆ ಅದರ ಕೈಗೇ ಕೊಡಬೇಕು.