ಒಂದೇ ಕಾಯ್ದೆ, ಮೂರು ಸಾಲು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಗೆ ಕಾಯುವುದು ಹೊಸದಲ್ಲ. ಬಲಿತ ಕಾಯಿ ಅಟ್ಟ ಸೇರಿದರೆ ಹತ್ತು ಹನ್ನೊಂದು ತಿಂಗಳು ಅದರ ಪಾಡಿಗೆ ಅದು. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಅಂದಾಗ ಕೊಬ್ಬರಿ ಆಯಿತು ಅಂತ ಲೆಕ್ಕ. ಅದೇ ತೋಟದ ಮನೆಗಳಲ್ಲಿ ಈಗ ಇಂಥ ಯಾವ ಲೆಕ್ಕಕ್ಕೂ ಸಿಗದ ಇನ್ನೊಂದು ಕಾಯುವಿಕೆ ಸೇರಿಕೊಂಡಿದೆ. ತುಮಕೂರಿನ ಎಸ್‌ಐಟಿಯಲ್ಲೋ ತಿಪಟೂರಿನ ಕೆಐಟಿಯಲ್ಲೋ ಓದಿ, ಬೆಂಗಳೂರು ದಾಟಿ ಅಮೆರಿಕ ಸೇರಿದ ಮಕ್ಕಳ ಗ್ರೀನ್ ಕಾರ್ಡ್ ಅದು. ತಿಂಗಳಿಗೊಮ್ಮೆ ಹೊರಬೀಳುವ ವೀಸಾ ಬುಲೆಟಿನ್‌ನಲ್ಲಿ ‘ಪ್ರಯಾರಿಟಿ ಡೇಟ್’, ಅಂದರೆ ಸರದಿ ತಲುಪಿದ ಅರ್ಜಿಗಳ ದಿನಾಂಕ, ಎಷ್ಟು ಮುಂದೆ ಬಂತು ಎಂದು ಮಗ ಫೋನಿನಲ್ಲಿ ಹೇಳುತ್ತಾನೆ. ತೋಟ ಗುತ್ತಿಗೆಗೆ ಕೊಟ್ಟ ಅಪ್ಪ ಹೂಂಗುಟ್ಟುತ್ತಾನೆ.

ಗ್ರೀನ್ ಕಾರ್ಡಿಗೆ ಕಾಯುವ ಆ ಸಾಲು ಇವತ್ತಿನ ರೂಪಕ್ಕೆ ಬಂದದ್ದು ಅಮೆರಿಕದ 1990ರ ವಲಸೆ ಕಾಯ್ದೆಯಿಂದ. ಆ ವರ್ಷದ ನವೆಂಬರ್ 29ರಂದು ಹಿರಿಯ ಜಾರ್ಜ್ ಬುಷ್ ಅದಕ್ಕೆ ಸಹಿ ಹಾಕಿದರು. ಸಾಫ್ಟ್‌ವೇರ್ ಹುಡುಗರು ಜಪಿಸುವ ಎಚ್‌-1ಬಿ ವೀಸಾ ಹುಟ್ಟಿದ್ದು ಅದರಲ್ಲೇ, ವರ್ಷಕ್ಕೆ 65,000ದ ಮಿತಿಯೊಡನೆ. ಉದ್ಯೋಗದ ಆಧಾರದ ಮೇಲೆ ಕೊಡುವ ಕಾಯಂ ವಾಸದ ಪರವಾನಗಿ, ಅಂದರೆ ಗ್ರೀನ್ ಕಾರ್ಡ್, ವರ್ಷಕ್ಕೆ 1,40,000 ಎಂದು ಗೊತ್ತುಮಾಡಿದ್ದೂ, ಯಾವೊಂದು ದೇಶಕ್ಕೂ ಶೇ 7ಕ್ಕಿಂತ ಹೆಚ್ಚು ಪಾಲಿಲ್ಲ ಎಂದು ಬೇಲಿ ಹಾಕಿದ್ದೂ ಅದೇ ಕಾಯ್ದೆ. ಐಸ್‌ಲ್ಯಾಂಡಿಗೂ ಭಾರತಕ್ಕೂ ಒಂದೇ ಅಳತೆ. ವಕೀಲರೂ ಐಟಿ ಕಂಪನಿಗಳೂ ಓದುವುದು ಈ ಪುಟಗಳನ್ನೇ.

ಕರ್ನಾಟಕದ ಓದುಗರ ಕುತೂಹಲ ಕೆರಳಿಸಬೇಕಾದ್ದು ಬೇರೆ ಪುಟ: 134ನೇ ಕಲಂ. ಭಾರತ, ನೇಪಾಳಗಳಲ್ಲಿರುವ ಟಿಬೆಟನ್ನರಿಗೆಂದೇ 1,000 ವಲಸೆ ವೀಸಾಗಳನ್ನು ಅದು ತೆಗೆದಿರಿಸಿತು. ಅಂದರೆ ಬೈಲಕುಪ್ಪೆಯಲ್ಲಿ ಜೋಳ ಬೆಳೆಯುತ್ತಿದ್ದವರಿಗೂ, ಮುಂಡಗೋಡದವರಿಗೂ, ಚಳಿಗಾಲ ಬಂತೆಂದರೆ ಊರೂರಿನ ರಸ್ತೆ ಬದಿಯಲ್ಲಿ ಸ್ವೆಟರ್ ಹರವಿಕೊಂಡು ಕೂರುತ್ತಿದ್ದವರಿಗೂ ವಾಷಿಂಗ್ಟನ್‌ನಲ್ಲಿ ಒಂದು ಬಾಗಿಲು ತೆರೆದಿತ್ತು. ಟಿಬೆಟ್‌ನಲ್ಲೇ ಹುಟ್ಟಿರಬೇಕು ಎಂದೇನೂ ಇರಲಿಲ್ಲ. ಅಲ್ಲಿ ಹುಟ್ಟಿದವರ ಮಕ್ಕಳು, ಮೊಮ್ಮಕ್ಕಳಾದರೂ ಸಾಕು.

ಕಾಯ್ದೆ ಬರೆದವರ ಜಾಣ್ಮೆಯನ್ನು ಇಲ್ಲಿ ಗಮನಿಸಬೇಕು. ಇವರನ್ನು ನಿರಾಶ್ರಿತರ ಲೆಕ್ಕದಲ್ಲಿ ಸೇರಿಸಲಿಲ್ಲ, ಸಾಮಾನ್ಯ ವಲಸಿಗರ ಲೆಕ್ಕದಲ್ಲಿ ಸೇರಿಸಿದರು. ಹೀಗಾಗಿ ನಿರಾಶ್ರಿತರಿಗೆ ಅಲ್ಲಿನ ಸರ್ಕಾರ ಕೊಡುವ ಧನಸಹಾಯ ಇವರಿಗೆ ದಕ್ಕಲಿಲ್ಲ. ಕೆಲಸ ಕೊಡುವವರು, ಮನೆಗೆ ಸೇರಿಸಿಕೊಳ್ಳುವವರು ಮೊದಲೇ ಸಿಕ್ಕಬೇಕಿತ್ತು. ಆ ಹೊಣೆಯನ್ನು ಅಮೆರಿಕದ ಸ್ವಯಂಸೇವಕರು ಹೊತ್ತರು. ಬೇಕೆಂದವರು ಸಾವಿರಕ್ಕಿಂತ ಎಷ್ಟೋ ಹೆಚ್ಚಿದ್ದುದರಿಂದ ಅರ್ಜಿದಾರರನ್ನು ವರ್ಗ ವರ್ಗ ಮಾಡಿ, ಚೀಟಿ ಎತ್ತಿ ಹೆಸರು ಆರಿಸಿದರು. ಒಂದು ಜನಾಂಗದ ಮುಂದಿನ ತಲೆಮಾರುಗಳ ವಿಳಾಸ ಹೀಗೆ ಚೀಟಿಯಲ್ಲಿ ನಿರ್ಧಾರವಾಯಿತು.

ಚೀಟಿ ಬಂದವರು 1992ರಿಂದ ವಿಮಾನ ಹತ್ತಿದರು. ನ್ಯೂಯಾರ್ಕ್, ಮ್ಯಾಡಿಸನ್, ಪೋರ್ಟ್‌ಲ್ಯಾಂಡ್, ಮಿನಿಯಾಪೊಲಿಸ್ ಮುಂತಾದ ಊರುಗಳಲ್ಲಿ ಗುಂಪು ಗುಂಪಾಗಿ ನೆಲೆ ನಿಂತರು. ಮಿನ್ನೆಸೋಟ ರಾಜ್ಯಕ್ಕೆ ಹೋದವರು ಸುಮಾರು 160 ಮಂದಿ. ಇಂದು ಅಲ್ಲಿ ಸಾವಿರಾರು ಟಿಬೆಟನ್ನರಿದ್ದಾರೆ. ಆದರೆ ಮೊದಲು ಹೋದವರಲ್ಲಿ ಹೆಚ್ಚಿನವರು ಹೆಂಡತಿ ಅಥವಾ ಗಂಡ, ಮಕ್ಕಳನ್ನು ಶಿಬಿರದಲ್ಲೇ ಬಿಟ್ಟು ಹೋಗಿದ್ದರು. ಕುಟುಂಬ ಒಂದಾಗಲು ಮತ್ತೆ ವರ್ಷಗಟ್ಟಲೆ ಕಾಯಬೇಕಾಯಿತು. ಬೈಲಕುಪ್ಪೆಗೆ ಬಸ್ಸು ಮಾಡಿಕೊಂಡು ಹೋಗಿ ಚಿನ್ನದ ದೇವಸ್ಥಾನದ ಮುಂದೆ ಫೋಟೊ ತೆಗೆಸಿಕೊಂಡು, ಮೊಮೊ ತಿಂದು ಬರುವ ನಮ್ಮ ಪ್ರವಾಸ ಲೇಖನಗಳಲ್ಲಿ ಈ ಕಥೆಗೆ ಜಾಗ ಸಿಕ್ಕಿದ್ದು ಕಡಿಮೆ.

ಜಾಗ ಸಿಗದ ಮತ್ತೊಬ್ಬರೂ ಇದ್ದಾರೆ. ಬೈಲಕುಪ್ಪೆಯ ಸುಮಾರು 3,000 ಎಕರೆ ಕೊಟ್ಟವರು ಯಾರು ಎಂದರೆ ಎಲ್ಲರ ಬಾಯಲ್ಲೂ ಎಸ್. ನಿಜಲಿಂಗಪ್ಪನವರ ಹೆಸರೇ. ಟಿಬೆಟನ್ನರ ಬೆನ್ನಿಗೆ ನಿಂತ ಅವರ ಬಗ್ಗೆ ಆ ಜನರಿಗಿರುವ ಕೃತಜ್ಞತೆ ನಿಜವಾದದ್ದು. ಆದರೆ ಜಮೀನು ಮಂಜೂರಾದ 1960ರಲ್ಲಿ ಮೈಸೂರು ರಾಜ್ಯದ ಮುಖ್ಯಮಂತ್ರಿ ಕುರ್ಚಿಯಲ್ಲಿದ್ದವರು ಬಿ.ಡಿ. ಜತ್ತಿ. 1958ರಿಂದ 1962ರವರೆಗೆ ಅವರದೇ ಆಡಳಿತ. ಮುಂದೆ ಉಪರಾಷ್ಟ್ರಪತಿಯಾದ, ಕೆಲಕಾಲ ಹಂಗಾಮಿ ರಾಷ್ಟ್ರಪತಿಯೂ ಆದ ಜತ್ತಿಯವರನ್ನು ಈ ವಿಚಾರದಲ್ಲಿ ನೆನೆಯುವವರು ವಿರಳ.

ಕೊಟ್ಟದ್ದು ಉಳುವ ಹಕ್ಕು, ಒಡೆತನವಲ್ಲ. ಕೈಗೆ ಬಂದದ್ದು ಆಗಾಗ ನವೀಕರಿಸಬೇಕಾದ ನೋಂದಣಿ ಪತ್ರ. ಅವರೆಲ್ಲ ಅದನ್ನು ‘ಆರ್‌ಸಿ’ ಎನ್ನುತ್ತಾರೆ. ವಿದೇಶಕ್ಕೆ ಹೊರಟರೆ ಪಾಸ್‌ಪೋರ್ಟ್ ಬದಲು ಹಳದಿ ಪುಸ್ತಕ. ಈ ನೆಲದಲ್ಲೇ ಹುಟ್ಟಿದವರ ಗತಿಯೇನು ಎಂಬ ಪ್ರಶ್ನೆ ಕೋರ್ಟಿಗೆ ಹೋಗಲು ದಶಕಗಳೇ ಬೇಕಾದವು. 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮೊದಲು ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪ್ರಜೆಗಳು ಎಂಬುದು ಪೌರತ್ವ ಕಾಯ್ದೆಯಲ್ಲೇ ಇತ್ತು. ಅದು ಟಿಬೆಟನ್ನರಿಗೂ ಸಲ್ಲುತ್ತದೆ ಎಂದು ಕರ್ನಾಟಕ ಹೈಕೋರ್ಟ್ ಹೇಳಿದ್ದು 2013ರಲ್ಲಿ. 2017ರಲ್ಲಿ ಅಂಥವರಿಗೆ ಪಾಸ್‌ಪೋರ್ಟ್ ಕೊಡಲು ವಿದೇಶಾಂಗ ಇಲಾಖೆ ಒಪ್ಪಿತು, ಷರತ್ತುಗಳೊಡನೆ: ಆರ್‌ಸಿ ಒಪ್ಪಿಸಬೇಕು, ಶಿಬಿರದಲ್ಲಿ ವಾಸ ಮಾಡಕೂಡದು. ಪ್ರಜೆಯಾಗಬೇಕಾದರೆ ಮನೆ ಬಿಡಬೇಕು! ಅಪ್ಪ ಕಾಡು ಕಡಿದು ಕಟ್ಟಿದ ಮನೆ.

1990ರ ಕಾಯ್ದೆ ಮೂರನೆಯದೊಂದು ಸಾಲನ್ನೂ ನಿಲ್ಲಿಸಿತು. ಸ್ವದೇಶದಲ್ಲಿ ಯುದ್ಧವೋ ವಿಪತ್ತೋ ಬಂದಾಗ ಅಮೆರಿಕದಲ್ಲಿರುವವರನ್ನು ವಾಪಸು ಕಳಿಸದೆ ಕೆಲಸ ಮಾಡಲು ಬಿಡುವ ತಾತ್ಕಾಲಿಕ ರಕ್ಷಣೆ, ‘ಟಿಪಿಎಸ್’. ಮೊದಲು ಸಿಕ್ಕಿದ್ದು ಎಲ್ ಸಾಲ್ವಡಾರ್‌ನವರಿಗೆ, 18 ತಿಂಗಳ ಮಟ್ಟಿಗೆ. ವೆನೆಜುವೆಲಾದವರಿಗೆ ಬೈಡನ್ ಸರ್ಕಾರ ಅದನ್ನು 2021ರ ಮಾರ್ಚ್‌ನಲ್ಲಿ ಕೊಟ್ಟಿತು, ಟ್ರಂಪ್ ಸರ್ಕಾರ 2025ರಲ್ಲಿ ಕಿತ್ತುಕೊಳ್ಳಲು ಹೊರಟಿತು. ಕಿತ್ತುಕೊಳ್ಳಲು ಅದೇ ವರ್ಷದ ಮೇ ತಿಂಗಳಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ದಾರಿ ಬಿಟ್ಟುಕೊಟ್ಟಿತು. ಟಿಪಿಎಸ್ ಎಷ್ಟು ವರ್ಷ ನಡೆದರೂ ಅದರಿಂದಲೇ ಗ್ರೀನ್ ಕಾರ್ಡ್ ಹುಟ್ಟುವುದಿಲ್ಲ. ಅದಕ್ಕೆ ಪ್ರತ್ಯೇಕ ಮಸೂದೆಯೇ ಬೇಕು. ಕ್ಯೂಬಾದವರಿಗೆ 1966ರಲ್ಲೂ, ನಿಕಾರಗುವಾದವರಿಗೆ 1997ರಲ್ಲೂ ಅಂಥ ಕಾಯ್ದೆ ಆಗಿತ್ತು. ಅದೇ ಜಾಡಿನಲ್ಲಿ ವೆನೆಜುವೆಲಾದವರಿಗೂ ಕಾಯಂ ವಾಸದ ಹಾದಿ ಕೊಡಿ ಎಂಬ ಮಸೂದೆ ಕೆಳಮನೆಯಲ್ಲಿ ಒಂದಕ್ಕಿಂತ ಹೆಚ್ಚು ಸಲ ಮಂಡನೆಯಾಗಿದೆ. ಸಮಿತಿಗೆ ಹೋದದ್ದು ಮುಂದೆ ಸಾಗಿಲ್ಲ.

ಕ್ಯೂಬಾದವರ ಹಿಂದೆ ಕಮ್ಯುನಿಸಂ ವಿರೋಧದ ಗಾಳಿಯಿತ್ತು. ಟಿಬೆಟನ್ನರಿಗೆ ದಲೈ ಲಾಮಾ ಅವರ ವರ್ಚಸ್ಸಿತ್ತು; ಹಿಂದಿನ ವರ್ಷವಷ್ಟೇ, 1989ರಲ್ಲಿ, ಅವರಿಗೆ ನೊಬೆಲ್ ಬಂದಿತ್ತು. ಮೇಲಾಗಿ ಕೊಡಬೇಕಿದ್ದದ್ದು ಬರೀ ಸಾವಿರ ವೀಸಾ. ಕೊಬ್ಬರಿ ಸೀಮೆಯ ಎಂಜಿನಿಯರ್ ಹುಡುಗನಿಗೆ ಇದ್ಯಾವುದೂ ಇಲ್ಲ. ಅವನ ಸಾಲಿನಲ್ಲಿ ಹೆಂಡಿರು ಮಕ್ಕಳೂ ಸೇರಿ ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ನಿಂತಿದ್ದಾರೆ. 2025ರಲ್ಲೂ ಬುಲೆಟಿನ್ ಅಲ್ಲಾಡುತ್ತಿದ್ದುದು 2012–13ರ ಅರ್ಜಿಗಳ ಸುತ್ತಲೇ. ಅಪ್ಪನ ಅರ್ಜಿಯ ನೆರಳಲ್ಲಿ ಬೆಳೆದ ಮಗುವಿಗೆ 21 ತುಂಬಿದರೆ ಆ ನೆರಳೂ ಹೋಗುತ್ತದೆ.

ಈ ಸಾಲನ್ನು ಉದ್ದ ಮಾಡಿದ ಶೇ 7ರ ದೇಶವಾರು ಮಿತಿಯನ್ನು ಕಿತ್ತುಹಾಕುವ ಮಸೂದೆ 2019ರ ಜುಲೈ 10ರಂದು ಕೆಳಮನೆಯಲ್ಲಿ 365–65 ಮತಗಳಿಂದ ಗೆದ್ದಿತು. ಸೆನೆಟ್ 2020ರ ಡಿಸೆಂಬರ್‌ನಲ್ಲಿ ಒಪ್ಪಿದ್ದು ತಿದ್ದುಪಡಿ ಮಾಡಿದ ಬೇರೆಯೇ ಪಾಠವನ್ನು. ಎರಡೂ ಹೊಂದುವಷ್ಟರಲ್ಲಿ ಆ ಕಾಂಗ್ರೆಸ್‌ನ ಅವಧಿ ಮುಗಿದು ಮಸೂದೆಯೂ ಮುಗಿಯಿತು. ‘ಈಗಲ್ ಆ್ಯಕ್ಟ್’ ಎಂಬ ಹೊಸ ಹೆಸರಿನಲ್ಲಿ ಮತ್ತೆ ಬಂದದ್ದನ್ನು 2022ರ ಡಿಸೆಂಬರ್‌ನಲ್ಲಿ ಮತಕ್ಕೆ ಹಾಕದೆಯೇ ಬದಿಗಿಟ್ಟರು.