ಘಾನಾದ ಮರ, ಸಾಸ್ತಾನದ ತೋಟ



2024ರ ಮಳೆಗಾಲದ ಆರಂಭದಲ್ಲಿ ನಮ್ಮ ಸಂಘದ ಕಚೇರಿಗೆ ಬಂದವರಲ್ಲಿ ಹಲವರು ಅಡಿಕೆಯ ಧಾರಣೆ ವಿಚಾರಿಸುವ ಮೊದಲೇ “ಕೊಕ್ಕೊ ಗಿಡ ಸಿಕ್ಕತ್ತಾ ಮರಾಯ್ರೆ?” ಎಂದು ಕೇಳುತ್ತಿದ್ದರು. ಕಾರಣ ಗುಟ್ಟಿನದೇನಲ್ಲ. ಆ ಮಾರ್ಚ್ ತಿಂಗಳ ಕೊನೆಯಲ್ಲಿ ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಕೊಕ್ಕೊ ಟನ್ನಿಗೆ 10,000 ಡಾಲರ್ ದಾಟಿತ್ತು. ಜಗತ್ತಿನ ಕೊಕ್ಕೊದಲ್ಲಿ ಅರ್ಧಕ್ಕೂ ಹೆಚ್ಚು ಬೆಳೆಯುವ ಐವರಿ ಕೋಸ್ಟ್ ಹಾಗೂ ಘಾನಾ ದೇಶಗಳಲ್ಲಿ ಅಕಾಲದ ಮಳೆ, ಕಾಯಿಕೊಳೆ, ಗೆಲ್ಲು ಊದುವ ವೈರಸ್ ರೋಗ ಎಲ್ಲವೂ ಕೂಡಿ ಫಸಲು ಕೆಟ್ಟಿತ್ತು. ಅಲ್ಲಿಯವನೂ ನಮ್ಮಂತೆ ಕೆಲವೇ ಎಕರೆಯ ಬೆಳೆಗಾರ. ಅವನಿಗೆ ದೊರೆತದ್ದು ಸರಕಾರ ಗೊತ್ತುಮಾಡಿದ ಬೆಲೆಯೇ ಹೊರತು ನ್ಯೂಯಾರ್ಕಿನದಲ್ಲ.

ನಮಗಾದರೋ ಈ ಸಡಗರ ಹೊಸತಲ್ಲ. ಎಪ್ಪತ್ತರ ದಶಕದಲ್ಲಿ ನಮ್ಮ ತಂದೆಯವರು ಅಡಿಕೆ ಸಾಲುಗಳ ನಡುವೆ ಕೊಕ್ಕೊ ಇಟ್ಟಿದ್ದರು. 1977ರಲ್ಲಿ ವಿಶ್ವಬೆಲೆ ತುದಿಗೇರಿ, ಬಳಿಕ ಜಾರಿತು. 1980ರ ಹೊತ್ತಿಗೆ ಮನೆಬಾಗಿಲಿಗೆ ಬಂದು ಹಸಿಬೀಜ ಒಯ್ಯುತ್ತಿದ್ದವರು ಬರುವುದನ್ನೇ ಬಿಟ್ಟರು. ಬುಟ್ಟಿಯಲ್ಲಿ ಹುಳಿವಾಸನೆ ಬಂದ ಬೀಜವನ್ನು ತಂದೆಯವರು ಗೊಬ್ಬರದ ಗುಂಡಿಗೆ ಸುರಿದದ್ದು ಶಾಲಾ ಬಾಲಕರಾಗಿದ್ದ ನಮಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಮರುವರ್ಷ ಗಿಡಗಳಿಗೆ ಕತ್ತಿ ಬಿತ್ತು. 1973ರಲ್ಲಿ ಅಡಿಕೆಗಾಗಿ ಹುಟ್ಟಿದ್ದ ಕ್ಯಾಂಪ್ಕೊ ಕೊಕ್ಕೊ ಖರೀದಿಗೂ ಇಳಿದು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ತಂದೆಯವರು ಅವಸರ ಮಾಡಿದರೆಂದು ಈಗ ಹೇಳುವುದು ಸುಲಭ. ಅಂದು ಸಾಲದ ಕಂತು ಕಾಯುತ್ತಿರಲಿಲ್ಲ.

ಘಟ್ಟದ ಮೇಲಿನ ಕಾಫಿ ಸದಸ್ಯರಿಗೆ ಇದನ್ನು ವಿವರಿಸಬೇಕಿಲ್ಲ. 1975ರ ಜುಲೈಯಲ್ಲಿ ಬ್ರೆಜಿಲಿನಲ್ಲಿ ಬಿದ್ದ ಹಿಮದಿಂದ ಬೆಲೆ ಏರಿದ್ದನ್ನೂ, 1989ರ ಜುಲೈಯಲ್ಲಿ ಅಂತರರಾಷ್ಟ್ರೀಯ ಕೋಟಾ ಮುರಿದು ಬೆಲೆ ಕುಸಿದದ್ದನ್ನೂ ಅವರು ಬಲ್ಲರು.

ಆದರೆ ಅಂದಿಗೂ ಇಂದಿಗೂ ಒಂದು ವ್ಯತ್ಯಾಸವಿದೆ. ಅಂದು ಮನೆಯಲ್ಲಿ ಕೈಗಳಿದ್ದವು. ಸಾಸ್ತಾನ, ಕೋಟದ ಕಡೆಯ ಹುಡುಗರು ಮುಂಬಯಿಯ ಹೋಟೆಲುಗಳಿಗೆ ಹೋಗುವುದು ಹಳೆಯ ವಾಡಿಕೆ. 1973ರಲ್ಲಿ ತೈಲಬೆಲೆ ಏರಿದ ಮೇಲೆ ಕೊಲ್ಲಿ ರಾಷ್ಟ್ರಗಳ ದಾರಿಯೂ ತೆರೆಯಿತು, ಆಮೇಲೆ ಬೆಂಗಳೂರು. ಅವರು ಕಳುಹಿಸಿದ ಹಣದಿಂದ ಹಂಚಿನ ಮಾಡು ಹೋಗಿ ತಾರಸಿ ಬಂತು, ತಂಗಿಯಂದಿರ ಮದುವೆ ನಡೆಯಿತು. ಇದನ್ನು ಹಳಿಯುವ ಅಧಿಕಾರ ಯಾರಿಗೂ ಇಲ್ಲ. ನಮ್ಮ ಮಗನೂ ಊರಲ್ಲಿಲ್ಲ. ಅಡಿಕೆ ಮರ ಹತ್ತುವವರು ಮಾತ್ರ ವಿರಳವಾಗಿ, ಕೊಳೆರೋಗದ ಮದ್ದು ಬಿಡಲು ಅವರ ದಿನ ನೋಡಿ ಕಾಯಬೇಕಾಗಿದೆ.

ಕೊಕ್ಕೊಗೆ ಮರ ಹತ್ತಬೇಕಿಲ್ಲ, ನಿಜ. ಆದರೆ ಕಾಯಿ ಒಮ್ಮೆಗೇ ಹಣ್ಣಾಗುವುದಿಲ್ಲ. ಹತ್ತು ಹದಿನೈದು ದಿನಕ್ಕೊಮ್ಮೆ ತೋಟ ಸುತ್ತಿ ಕೊಯ್ಯಬೇಕು. ತಡವಾದರೆ ಅಳಿಲು, ಇಲಿಗಳ ಪಾಲು. ಮಳೆಗಾಲದಲ್ಲಿ ಕೊಳೆತ ಕಾಯಿ ತೆಗೆಯಬೇಕು, ಗೆಲ್ಲು ಸವರಬೇಕು. 2025ರಲ್ಲಿ ವಿಶ್ವಬೆಲೆ ಬಹಳಷ್ಟು ಇಳಿದದ್ದನ್ನೂ ಪತ್ರಿಕೆಗಳಲ್ಲಿ ಓದಿದ್ದೀರಿ. ಇಂದು ನೆಟ್ಟ ಗಿಡ ಫಲಕೊಡಲು ಮೂರು ವರ್ಷವಾದರೂ ಬೇಕು. ಆಗಿನ ಬೆಲೆ ಹೇಳಬಲ್ಲವರಿಲ್ಲ. ಹದಿನೈದು ದಿನಕ್ಕೊಮ್ಮೆ ತೋಟ ಸುತ್ತುವವರು ಯಾರೆಂಬುದನ್ನು ಈಗಲೇ ಹೇಳಬಹುದು.

ಆದ್ದರಿಂದ ಗಿಡಕ್ಕೆ ಹೆಸರು ಬರೆಸುವಾಗ ಕಚೇರಿಯಲ್ಲಿ ಈ ಪ್ರಶ್ನೆ ಕೇಳಿದರೆ ಬೇಸರಿಸಬೇಡಿ. ಅಡಿಕೆ ಒಂಬತ್ತು ಅಡಿ ಅಂತರದಲ್ಲಿದ್ದರೆ ಒಂದು ಸಾಲು ಬಿಟ್ಟು ಒಂದು ಸಾಲಿನಲ್ಲಿ ಕೊಕ್ಕೊ ಸಾಕು. ನಮ್ಮ ತೋಟದಲ್ಲಿ ಇಬ್ಬರೇ ಇರುವುದರಿಂದ ಇಪ್ಪತ್ತು ಗಿಡ ಮಾತ್ರ ಇಟ್ಟಿದ್ದೇವೆ, ಅದೂ ಮನೆಯಂಗಳದಿಂದ ಕಾಣುವಷ್ಟು ಹತ್ತಿರದಲ್ಲಿ.